ಕೆರೆ ಏರಿಯ ವೀರಗಲ್ಲು ಮತ್ತು ಇತಿಹಾಸ ಸಂಘಗಳು: ಸದಸ್ಯರಾದರೆ ಏನು ಉಪಯೋಗ?

ಹಾವೇರಿ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮೂರ ಕೆರೆ ಏರಿಯ ಮೇಲೆ, ಜಾಲಿ ಗಿಡಗಳ ನಡುವೆ ಒಂದು ವೀರಗಲ್ಲು ಇದೆ. ಮೂರು ಹಂತದ್ದು. ಕೆಳಗಿನ ಹಂತದಲ್ಲಿ ವೀರ ಕುದುರೆ ಸವಾರನ ಜೊತೆ ಕಾದುತ್ತಿದ್ದಾನೆ, ಹಿಂದೆ ದನಗಳ ಸಾಲು. ನಡುವಿನ ಹಂತದಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಹಂತಗಳ ನಡುವಿನ ಪಟ್ಟಿಗಳಲ್ಲಿ ಅಕ್ಷರ ಇವೆ. 'ತುಱು' (ಹಳಗನ್ನಡದಲ್ಲಿ ದನ) ಅಂತ ಒಂದು ಕಡೆ ಓದಲು ಬರುತ್ತದೆ. ಮುಂದಿನದು ಸವೆದಿದೆ.

ಇದರ ಫೋಟೋ ಒಂದು ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಸ್ವಲ್ಪ ದಿನಕ್ಕೆ ಅದೇ ಫೋಟೋ ಬೇರೆಯವರ ಹೆಸರಿನಲ್ಲಿ, 'ಹೊಸ ಶಾಸನ ಪತ್ತೆ' ಅಂತ ಓಡಾಡಿತು. ಊರಿನ ಹೆಸರೂ ತಪ್ಪು, ಅರಸನ ಹೆಸರನ್ನು ಸುಮ್ನೆ ಊಹಿಸಿ ಹಾಕಿದ್ದಾರೆ. ಹೆಸರು ಹೋದದ್ದಕ್ಕಿಂತ ಜಾಸ್ತಿ ಬೇಸರ ಆದದ್ದು ಈ ಊಹೆಗೆ. ಈಗ ನಮ್ಮ ಮಕ್ಕಳೇ ಅದನ್ನು ನಿಜ ಅಂತ ನಂಬಿದ್ದಾರೆ.

ನನ್ನ ಸಹೋದ್ಯೋಗಿ ಒಬ್ಬರು 'ಇತಿಹಾಸಕಾರರ ಸಂಘಕ್ಕೆ ಸದಸ್ಯರಾಗಿ, ಸಮ್ಮೇಳನದಲ್ಲಿ ಪ್ರಬಂಧ ಓದಿ' ಅಂದರು. ಈ ಸಂಘಗಳು ನಿಜವಾಗಿ ಏನು ಕೆಲಸ ಮಾಡುತ್ತವೆ? ನನ್ನ ಹತ್ತಿರ ಪಿಎಚ್.ಡಿ. ಇಲ್ಲ. ನನ್ನಂಥವರನ್ನು ಸೇರಿಸಿಕೊಳ್ಳುತ್ತಾರಾ? ಶುಲ್ಕ ಕೊಟ್ಟಿದ್ದಕ್ಕೆ ಕಲ್ಲಿಗೇನಾದರೂ ಒಳ್ಳೆಯದಾಗುತ್ತದಾ?

ಧಾರವಾಡದ ನಿವೃತ್ತ ಮೇಷ್ಟ್ರು:

ಟೀಚರ್, ಸೇರಿಕೊಳ್ಳಿ. ಪಿಎಚ್.ಡಿ. ಬೇಕಿಲ್ಲ.

ದೇಶದ ಮಟ್ಟದಲ್ಲಿ ದೊಡ್ಡದು ಇಂಡಿಯನ್ ಹಿಸ್ಟರಿ ಕಾಂಗ್ರೆಸ್. ಅದು ಹುಟ್ಟಿದ್ದು 1935ರಲ್ಲಿ, ಪುಣೆಯಲ್ಲಿ. ಎಲ್ಲಿ ಹುಟ್ಟಿತು ಅನ್ನುವುದು ನಿಮ್ಮಂಥವರು ಗಮನಿಸಬೇಕಾದ ಸಂಗತಿ. ಅಲ್ಲಿನ ಭಾರತ ಇತಿಹಾಸ ಸಂಶೋಧಕ ಮಂಡಳಕ್ಕೆ ಆಗ ಇಪ್ಪತ್ತೈದು ತುಂಬಿತ್ತು. ಆ ಮಂಡಳವನ್ನು 1910ರಲ್ಲಿ ಕಟ್ಟಿದ ರಾಜವಾಡೆಯವರು ಯೂನಿವರ್ಸಿಟಿ ಪ್ರೊಫೆಸರ್ ಅಲ್ಲ. ಊರೂರು ಅಲೆದು, ಹಳೆಯ ಮನೆತನಗಳ ಅಟ್ಟದಲ್ಲಿ ಬಿದ್ದಿದ್ದ, ಮರಾಠಿಯ ಹಳೆಯ ಮೋಡಿ ಲಿಪಿಯ ಕಾಗದದ ಕಟ್ಟುಗಳನ್ನು ಕೂಡಿಸಿದವರು. ಅಂಥವರ ಅಂಗಳದಲ್ಲಿ ದೇಶದ ಪ್ರೊಫೆಸರುಗಳು ಸೇರಿದರು. ಅಧ್ಯಕ್ಷತೆ ವಹಿಸಿದವರು ಅಲಹಾಬಾದಿನ ಶಫಾತ್ ಅಹಮದ್ ಖಾನ್. ಆಗ ಅದರ ಹೆಸರಿನಲ್ಲಿ 'ಆಧುನಿಕ ಇತಿಹಾಸ' ಅಂತ ಇತ್ತು. 1938ರ ಅಲಹಾಬಾದ್ ಅಧಿವೇಶನದ ಹೊತ್ತಿಗೆ ಎಲ್ಲ ಕಾಲದ ಇತಿಹಾಸವನ್ನೂ ಒಳಗೆ ತಂದು ಈಗಿನ ಹೆಸರು ಇಟ್ಟುಕೊಂಡರು.

ಸಾಮಾನ್ಯವಾಗಿ ಡಿಸೆಂಬರ್ ಕೊನೆಯ ವಾರ ಅಧಿವೇಶನ. ಪ್ರತಿ ಸಲ ಬೇರೆ ಊರು. ಪ್ರಾಚೀನ, ಮಧ್ಯಕಾಲೀನ, ಆಧುನಿಕ ಭಾರತ, ಹೊರದೇಶಗಳ ಇತಿಹಾಸ, ಪುರಾತತ್ವ ಅಂತ ವಿಭಾಗಗಳು, ಪ್ರತಿ ವಿಭಾಗಕ್ಕೂ ಒಬ್ಬ ಅಧ್ಯಕ್ಷರು. ಸದಸ್ಯರಾದವರು ಪ್ರಬಂಧ ಕಳಿಸಬಹುದು. ಆರಿಸಿದ ಪ್ರಬಂಧಗಳನ್ನು ಅಧಿವೇಶನದ ಸಂಪುಟದಲ್ಲಿ ಅಚ್ಚು ಹಾಕುತ್ತಾರೆ. ಹಳೆಯ ಸಂಪುಟಗಳು ವಿದ್ವತ್ ಲೇಖನಗಳ ಆನ್‌ಲೈನ್ ಭಂಡಾರವಾದ ಜೆಸ್ಟೋರ್‌ನಲ್ಲಿ ಸಿಗುತ್ತವೆ. ನಮ್ಮ ರಾಜ್ಯದಲ್ಲೂ ಅಧಿವೇಶನಗಳಾಗಿವೆ: 1966ರಲ್ಲಿ ಮೈಸೂರು, 1988ರಲ್ಲಿ ಧಾರವಾಡ, 1993ರಲ್ಲಿ ಮತ್ತೆ ಮೈಸೂರು, 1997ರಲ್ಲಿ ಬೆಂಗಳೂರು, 2003ರಲ್ಲಿ ಮತ್ತೊಮ್ಮೆ ಮೈಸೂರು.

ಆದರೆ ನಿಮ್ಮ ವೀರಗಲ್ಲಿಗೆ ಮೊದಲ ಮೆಟ್ಟಿಲು ಅದಲ್ಲ. ಕರ್ನಾಟಕ ಇತಿಹಾಸ ಅಕಾಡೆಮಿ ಇದೆ. ಗೆಜೆಟಿಯರ್ ಕೆಲಸದಿಂದ ಹೆಸರಾದ ಸೂರ್ಯನಾಥ ಕಾಮತ್ ಅವರಂಥವರು ಬೆಳೆಸಿದ ಸಂಸ್ಥೆ. ವರ್ಷಕ್ಕೊಂದು ಸಮ್ಮೇಳನ ಮಾಡುತ್ತದೆ, ಪ್ರಬಂಧಗಳನ್ನು 'ಇತಿಹಾಸ ದರ್ಶನ'ದಲ್ಲಿ ಪ್ರಕಟಿಸುತ್ತದೆ. ಎಲ್ಲ ಕನ್ನಡದಲ್ಲಿ. ಅಲ್ಲಿ ಹೈಸ್ಕೂಲ್ ಮೇಷ್ಟ್ರು, ಬ್ಯಾಂಕಿನವರು, ರೈತರು ಎಲ್ಲರೂ ಬಂದು ಓದುತ್ತಾರೆ.

ಇನ್ನು ಇವು ಮಾಡುವ ಕೆಲಸ ಏನು ಅಂತ ಕೇಳಿದ್ದೀರಿ. ಒಂದು ಉದಾಹರಣೆ ಹೇಳುತ್ತೇನೆ. ಒಂದು ಸಮ್ಮೇಳನದಲ್ಲಿ ಒಬ್ಬರು ಹೊಸ ಶಾಸನದ ಬಗ್ಗೆ ಓದಿ, ಶಕ ವರ್ಷ, ಸಂವತ್ಸರ, ತಿಥಿ, ವಾರ ಎಲ್ಲ ಹೇಳಿ ಕೂತರು. ಹಿಂದಿನ ಸಾಲಿನಿಂದ ವಯಸ್ಸಾದವರೊಬ್ಬರು ಎದ್ದು, 'ನೀವು ಹೇಳುವ ಶಕ ವರ್ಷಕ್ಕೂ ಈ ಸಂವತ್ಸರಕ್ಕೂ ಹೊಂದುವುದಿಲ್ಲ. ಕಲ್ಲಿನಲ್ಲಿ ಅಂಕಿ ಸವೆದಿದೆಯಾ, ನೀವು ಓದಿದ್ದು ತಪ್ಪಾ, ನೋಡಿ' ಅಂದರು. ಪಕ್ಕದವರು ಹಳೆಯ ತೇದಿಗಳನ್ನು ಲೆಕ್ಕ ಹಾಕುವ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗದ ಕೋಷ್ಟಕ ತೆಗೆದರು. ಮಧ್ಯಾಹ್ನ ಊಟದ ಹೊತ್ತಿಗೆ ಅಂಕಿ ಸರಿಹೋಯಿತು. ಅಚ್ಚಿಗೆ ಹೋದದ್ದು ಸರಿಯಾದ ತೇದಿ. ವಾಟ್ಸಾಪಿನಲ್ಲಿ ಇದಾಗುವುದಿಲ್ಲ. ಅಲ್ಲಿ ಚಪ್ಪಾಳೆ ಸಿಗುತ್ತದೆ, ತಪ್ಪು ತೋರಿಸುವವರು ಸಿಗುವುದಿಲ್ಲ.

ಕೋಟೆ ಸುತ್ತುವವ, ಚಿತ್ರದುರ್ಗ:

ಮೇಷ್ಟ್ರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಅದು ಹಳೆಯ ಕಾಲದ ಮಾತು. ಈಗಿನ ಸಮ್ಮೇಳನ ನೋಡಿ ಸರ್. 2010ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ಬಂದ ಮೇಲೆ ಕಾಲೇಜಿನವರಿಗೆ ಪ್ರಬಂಧ ಓದಿದರೆ ಅಂಕ, ಅಚ್ಚಾದರೆ ಇನ್ನಷ್ಟು ಅಂಕ ಅಂತ ಆಯಿತು. ಬಡ್ತಿಗೆ ಅಂಕ ಬೇಕು, ಅಂಕಕ್ಕೆ ಸರ್ಟಿಫಿಕೇಟ್ ಬೇಕು. ನಾನು ಹೋಗಿದ್ದ ಒಂದು ಸಮ್ಮೇಳನದಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷ. ಓದಿದವರು ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಬಸ್ ಸ್ಟ್ಯಾಂಡ್ ಕಡೆ ನಡೆದರು. ಕೊನೆಯ ಗೋಷ್ಠಿಯಲ್ಲಿ ಓದುವವರಷ್ಟೇ ಕೇಳುವವರು. ನಾನು ವರ್ಷಗಟ್ಟಲೆ ಸುತ್ತಿ ಮಾಡಿದ್ದ ಬುರುಜುಗಳ ನಕ್ಷೆ ತೋರಿಸಲು ಸಮಯ ಇಲ್ಲ ಅಂದರು.

ಟೀಚರ್, ನಿಮಗೆ ಕಲ್ಲು ಉಳಿಯಬೇಕು ಅಲ್ವಾ? ಹಾಗಿದ್ದರೆ ನೇರವಾಗಿ ಪಂಚಾಯಿತಿ, ತಹಶೀಲ್ದಾರ್ ಹತ್ತಿರ ಹೋಗಿ. ಸಂಘದ ಸದಸ್ಯತ್ವದಿಂದ ಒಂದು ಕಲ್ಲೂ ಎದ್ದು ನಿಲ್ಲುವುದಿಲ್ಲ.

ಶಾಸನ ವಿದ್ಯಾರ್ಥಿ, ಮೈಸೂರು:

ಅಣ್ಣ, ನೀವು ಹೇಳಿದ್ದನ್ನು ನಾನೂ ನೋಡಿದ್ದೇನೆ. ಆದರೂ ತಹಶೀಲ್ದಾರ್ ಹತ್ತಿರ ಹೋದಾಗ ಅವರು ಕೇಳುವ ಮೊದಲ ಪ್ರಶ್ನೆ 'ಇದು ಎಲ್ಲಿ ದಾಖಲಾಗಿದೆ?' ಅಂತ. ಅಚ್ಚಾದ ಎರಡು ಪುಟ ಕೈಯಲ್ಲಿದ್ದರೆ ಮಾತಿನ ತೂಕವೇ ಬೇರೆ.

ಟೀಚರ್ ಮೇಡಂ, ಪ್ರಬಂಧಕ್ಕೆ ಮೊದಲು ಒಂದು ಕೆಲಸ ಇದೆ. ಈ ಕಲ್ಲು ಈಗಾಗಲೇ ಪ್ರಕಟ ಆಗಿದೆಯಾ ಅಂತ ನೋಡಬೇಕು. ತುಂಬಾ ಜನ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಪುಟಗಳನ್ನು ತೆರೆದು, ಅದರಲ್ಲಿ ಇಲ್ಲ ಅಂದ ಕೂಡಲೇ 'ಅಪ್ರಕಟಿತ' ಅಂತ ಬರೆದುಬಿಡುತ್ತಾರೆ. ಬ್ರಿಟಿಷರ ಕಾಲದಲ್ಲಿ ಬಿ.ಎಲ್. ರೈಸ್ ಅವರು ತಂದ ಆ ಸಂಪುಟಗಳು ಹಳೆಯ ಮೈಸೂರು ಸಂಸ್ಥಾನಕ್ಕೆ ಮತ್ತು ಕೊಡಗಿಗೆ ಸೇರಿದ್ದು. ನಿಮ್ಮ ಹಾವೇರಿ ಆಗ ಮುಂಬೈ ಪ್ರಾಂತದಲ್ಲಿತ್ತು. ಹಾಗಾಗಿ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಮುಂಬೈ-ಕರ್ನಾಟಕ ಸಂಪುಟಗಳನ್ನು ನೋಡಿ. 11, 15, 18, 20ನೇ ಸಂಪುಟಗಳು. ಜೊತೆಗೆ ಪುರಾತತ್ವ ಸರ್ವೇಕ್ಷಣೆಯ ಶಾಸನ ವಾರ್ಷಿಕ ವರದಿಗಳು, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಸಂಪುಟಗಳು. ವರದಿಯಲ್ಲಿ ಒಂದೇ ಸಾಲಿನಲ್ಲಿ 'ಕೆರೆ ಏರಿಯ ವೀರಗಲ್ಲು, ಸವೆದಿದೆ' ಅಂತ ಇದ್ದರೂ ಅದನ್ನು ಹೇಳಬೇಕು.

ಆಮೇಲೆ ಕಲ್ಲಿನ ಅಕ್ಷರಗಳ ಅಚ್ಚನ್ನು ಕಾಗದದ ಮೇಲೆ ತೆಗೆಯಬೇಕು. ಕಲ್ಲಿಗೆ ನೀರು ಹಾಕಿ ನಾರಿನ ಬ್ರಷ್‌ನಿಂದ ಮೆಲ್ಲಗೆ ತೊಳೆಯುತ್ತಾರೆ. ಒದ್ದೆ ಕಾಗದ ಹಾಸಿ, ಅಕ್ಷರದ ಗುಳಿಯೊಳಗೆ ಕಾಗದ ಕೂರುವ ತನಕ ಬ್ರಷ್‌ನಿಂದ ತಟ್ಟುತ್ತಾರೆ. ಮೇಲೆ ಮಸಿ ಒತ್ತಿದರೆ ಅಕ್ಷರ ಬಿಳಿಯಾಗಿ, ಉಳಿದ ಜಾಗ ಕಪ್ಪಾಗಿ ಬರುತ್ತದೆ. ಕಲ್ಲಿನಲ್ಲಿ ಕಣ್ಣಿಗೆ ಕಾಣದ ಗೆರೆ ಕಾಗದದಲ್ಲಿ ಕಾಣುತ್ತದೆ. ಕಲಿತವರ ಜೊತೆಗೇ ಮಾಡಿ. ಅಲ್ಲಿಯವರೆಗೆ ಸೀಮೆಸುಣ್ಣ, ಅರಿಶಿನ, ಬಣ್ಣ ಏನೂ ಹಚ್ಚಬೇಡಿ, ಮಕ್ಕಳಿಗೂ ಹೇಳಿ. ಸಂಜೆಯ ಓರೆ ಬಿಸಿಲಿನಲ್ಲಿ ಅಥವಾ ರಾತ್ರಿ ಪಕ್ಕದಿಂದ ಟಾರ್ಚ್ ಹಿಡಿದು ಫೋಟೋ ತೆಗೆಯಿರಿ. ಎತ್ತರ, ಅಗಲ, ಸರ್ವೆ ನಂಬರ್, ಮೊಬೈಲಿನ ಜಿಪಿಎಸ್ ಬರೆದಿಟ್ಟುಕೊಳ್ಳಿ.

ಶಾಸನಕ್ಕೇ ಮೀಸಲಾದ ಸಂಘ ಕೂಡ ಇದೆ, ಭಾರತೀಯ ಪುರಾಭಿಲೇಖ ಪರಿಷತ್ತು. 1974ರಲ್ಲಿ ಧಾರವಾಡದಲ್ಲೇ ಶುರುವಾದದ್ದು. ಇನ್ನು ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂತು. ಸಂಘದ ಸಭೆಗೆ ಹೋದರೆ ಇಂಥ ಕಡೆ ಕೆಲಸ ಮಾಡಿದವರು ನೇರವಾಗಿ ಸಿಗುತ್ತಾರೆ. ನಾನು ಓದು ಕಲಿತಿದ್ದು ಹಾಗೆ ಸಿಕ್ಕ ಒಬ್ಬ ಹಿರಿಯರಿಂದ. ಅವರು ನನ್ನಿಂದ ಒಂದು ರೂಪಾಯಿ ತಗೊಂಡಿಲ್ಲ.

ನ್ಯೂಜೆರ್ಸಿ ಕನ್ನಡತಿ:

ನಾನು ಇಲ್ಲಿ ಒಂದು ಗ್ರಂಥಾಲಯದ ದಾಖಲೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಟೀಚರ್ ಅವರ ಫೋಟೋ ಕಳುವಾದದ್ದರ ಬಗ್ಗೆ ಒಂದು ಮಾತು ಸೇರಿಸಬೇಕು ಅನಿಸಿತು.

ಇಲ್ಲಿನ ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ 1884ರಲ್ಲಿ ಹುಟ್ಟಿದ್ದು. 1889ರಲ್ಲಿ ದೇಶದ ಸಂಸತ್ತೇ ಅದಕ್ಕೆ ಸನ್ನದು ಕೊಟ್ಟಿತು. ಬೇರೆಯವರ ಬರಹವನ್ನು ತಮ್ಮದು ಅಂತ ಹಾಕಿಕೊಂಡವರ ಮೇಲೆ ಬಂದ ದೂರುಗಳನ್ನು ಒಂದು ಕಾಲಕ್ಕೆ ಈ ಸಂಘವೇ ವಿಚಾರಣೆ ಮಾಡುತ್ತಿತ್ತು. 2003ರಲ್ಲಿ ನಿಲ್ಲಿಸಿಬಿಟ್ಟರು. ವಿಚಾರಣೆ ಗುಟ್ಟಾಗಿ ನಡೆಯುತ್ತಿತ್ತು, ಶಿಕ್ಷೆ ಕೊಡುವ ಅಧಿಕಾರ ಇರಲಿಲ್ಲ, ಹಾಕಿದ ಶ್ರಮಕ್ಕೆ ತಕ್ಕ ಫಲ ಸಿಗಲಿಲ್ಲ. ಅದರ ಬದಲು ವೃತ್ತಿಯಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನುವ ನಿಯಮಾವಳಿಯನ್ನು ತಿದ್ದಿ ಬೆಳೆಸುವುದು, ಅದನ್ನು ಕಲಿಸುವುದು ಮೇಲು ಅಂದುಕೊಂಡರು. ಹಾಗಾಗಿ ಸಂಘಕ್ಕೆ ಸೇರಿದ ತಕ್ಷಣ ಕದ್ದವರನ್ನು ಹಿಡಿಯುತ್ತಾರೆ ಅಂತ ಅಂದುಕೊಳ್ಳಬೇಡಿ. ನಿಮ್ಮ ಹೆಸರಿನಲ್ಲಿ, ತೇದಿ ಸಮೇತ, ಮೊದಲು ಅಚ್ಚಾಗಿರುವುದೇ ನಿಮಗೆ ಕಾವಲು.

ಸಂಘ ಮಾಡಿದ ನಿಜವಾದ ದೊಡ್ಡ ಕೆಲಸ ಬೇರೆ ಇದೆ. ಈ ದೇಶದ ಸರ್ಕಾರಿ ಕಾಗದಗಳಿಗೆ ಬಹಳ ಕಾಲ ಒಂದು ಮನೆ ಇರಲಿಲ್ಲ. ಅಲ್ಲಲ್ಲಿ ನೆಲಮಾಳಿಗೆಗಳಲ್ಲಿ ಬಿದ್ದಿರುತ್ತಿದ್ದವು. 1921ರಲ್ಲಿ ವಾಷಿಂಗ್ಟನ್‌ನ ವಾಣಿಜ್ಯ ಇಲಾಖೆ ಕಟ್ಟಡದಲ್ಲಿ ಬೆಂಕಿ ಬಿದ್ದು 1890ರ ಜನಗಣತಿಯ ಹಾಳೆಗಳು ಹಾಳಾದವು. ಇವತ್ತಿಗೂ ಜನ ತಮ್ಮ ಅಜ್ಜ-ಮುತ್ತಜ್ಜರನ್ನು ಹುಡುಕುವಾಗ ಆ ಹತ್ತು ವರ್ಷದ ಹತ್ತಿರ ಬಂದು ನಿಂತುಬಿಡುತ್ತಾರೆ. ಈ ಸಂಘದವರು, ಅದರಲ್ಲೂ ಜೆ. ಫ್ರಾಂಕ್ಲಿನ್ ಜೇಮ್ಸನ್, ದಶಕಗಳ ಕಾಲ ಸಂಸದರ ಬೆನ್ನು ಬಿದ್ದರು. ಕೊನೆಗೆ 1934ರಲ್ಲಿ ರಾಷ್ಟ್ರೀಯ ದಾಖಲೆಗಳ ಸಂಸ್ಥೆಗೆ ಕಾನೂನು ಆಯಿತು. ಒಬ್ಬೊಬ್ಬ ಇತಿಹಾಸಕಾರ ಒಂದೊಂದು ಪತ್ರ ಬರೆದಿದ್ದರೆ ಇದು ಆಗುತ್ತಿತ್ತಾ?

ಕೋಟೆ ಸುತ್ತುವವ, ಚಿತ್ರದುರ್ಗ:

ಆ ಮಟ್ಟದ ಕೆಲಸ ನಮ್ಮಲ್ಲೂ ಆಗಲಿ ಅನ್ನುವುದೇ ನನ್ನ ಆಸೆ ಅಕ್ಕ. ಆದರೆ ನಮ್ಮ ಸಂಘಗಳಿಗೆ ಸ್ವಂತ ಮನೆ, ಸ್ವಂತ ದುಡ್ಡು ಕಡಿಮೆ. ಸಮ್ಮೇಳನಕ್ಕೆ ಯೂನಿವರ್ಸಿಟಿ ಜಾಗ ಕೊಡಬೇಕು, ಊಟ-ವಸತಿ ನೋಡಿಕೊಳ್ಳಬೇಕು. ಅವರು ಕೈ ಎತ್ತಿದರೆ ಮುಗಿಯಿತು. 2018ರ ಡಿಸೆಂಬರ್‌ನಲ್ಲಿ ಹಿಸ್ಟರಿ ಕಾಂಗ್ರೆಸ್ಸಿನ 79ನೇ ಅಧಿವೇಶನ ಪುಣೆಯಲ್ಲಿ ಆಗಬೇಕಿತ್ತು. ಅಲ್ಲಿನ ಯೂನಿವರ್ಸಿಟಿ ಹಣ ಇಲ್ಲ ಅಂತ ಕೊನೆಗಳಿಗೆಯಲ್ಲಿ ಕೈಬಿಟ್ಟಿತು. ಹುಟ್ಟಿದ ಊರಲ್ಲೇ ಜಾಗ ಸಿಗಲಿಲ್ಲ.

ಧಾರವಾಡದ ನಿವೃತ್ತ ಮೇಷ್ಟ್ರು:

ನಿಜ. ಆದರೆ ಪೂರ್ತಿ ಹೇಳಬೇಕು. ಅದೇ ಅಧಿವೇಶನ 2019ರ ಫೆಬ್ರವರಿಯಲ್ಲಿ ಭೋಪಾಲದಲ್ಲಿ ನಡೆಯಿತು. ಅದೇ ವರ್ಷದ ಕೊನೆಗೆ ಕಣ್ಣೂರಿನಲ್ಲಿ 80ನೆಯದು. ಮುಂದೆ ವಾರಂಗಲ್, ಪಟಿಯಾಲ. ಸದಸ್ಯರು ತಮ್ಮ ಟಿಕೆಟ್ ತಾವೇ ತೆಗೆಸಿಕೊಂಡು ರೈಲು ಹತ್ತುವ ತನಕ ಸಂಘ ನಡೆಯುತ್ತದೆ. ಆಜೀವ ಸದಸ್ಯತ್ವದ ದುಡ್ಡು ಸಣ್ಣದು ಅನಿಸಬಹುದು. ಯಾರ ಹಂಗೂ ಇಲ್ಲದೆ ಒಂದು ನಿರ್ಣಯ ಮಂಡಿಸಬೇಕಾದರೆ ಆ ದುಡ್ಡೇ ಬಲ. ಒಂದು ಸ್ಮಾರಕ ಹಾಳಾಗುತ್ತಿದೆ, ಒಂದು ದಾಖಲೆ ಕಚೇರಿ ಮುಚ್ಚುತ್ತಿದೆ, ಪಠ್ಯದಲ್ಲಿ ಆಧಾರ ಇಲ್ಲದ ಮಾತು ಸೇರಿದೆ ಅಂದಾಗ ಸದಸ್ಯರೇ ಎದ್ದು ನಿಂತು ಹೇಳಬೇಕು. ಸರ್ಕಾರಿ ಸಂಬಳದ ಒಬ್ಬ ಲೆಕ್ಚರರ್ ಒಂಟಿಯಾಗಿ ಹೇಳುವುದು ಕಷ್ಟ. ಸಂಘದ ಹೆಸರಿನಲ್ಲಿ ಹೇಳಬಹುದು.

ಐದು ನಿಮಿಷದ ಗೋಷ್ಠಿಗಳ ಬಗ್ಗೆ ನಿಮ್ಮ ಸಿಟ್ಟು ನನಗೂ ಇದೆ. ಪ್ರಬಂಧ ಕಡಿಮೆ ಆರಿಸಬೇಕು, ಚರ್ಚೆಗೆ ಸಮಯ ಜಾಸ್ತಿ ಕೊಡಬೇಕು. ಇದನ್ನು ಸರ್ವಸದಸ್ಯರ ಸಭೆಯಲ್ಲಿ ನಾನು ಎತ್ತಿದ್ದೇನೆ, ಮುಂದೆಯೂ ಎತ್ತುತ್ತೇನೆ. ನೀವೂ ಸದಸ್ಯರಾಗಿದ್ದರೆ ಪಕ್ಕದಲ್ಲಿ ಕೂತು ದನಿಗೂಡಿಸಬಹುದಿತ್ತು.

ಬೆಂಗಳೂರು ಕೆರೆ ಬಳಗದವ:

ಬೆಂಗಳೂರಿನ ಕಥೆ ಒಂದು ಹೇಳುತ್ತೇನೆ. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನ ಸಂಪುಟ ತಂದದ್ದು 1905ರಲ್ಲಿ. ಆ ಪಟ್ಟಿ ಹಿಡಿದು ಈಗ ಹುಡುಕಲು ಹೋದರೆ ಎಷ್ಟೋ ಕಲ್ಲು ಇಲ್ಲ. ಲೇಔಟ್ ಆಗಿದೆ, ರಸ್ತೆ ಅಗಲ ಆಗಿದೆ, ಕೆಲವು ಚರಂಡಿಯ ಚಪ್ಪಡಿ ಆಗಿವೆ. ಪಟ್ಟಿ ಇದ್ದದ್ದರಿಂದ ಮಾತ್ರ ಏನು ಕಳೆದುಕೊಂಡಿದ್ದೇವೆ ಅಂತ ಗೊತ್ತಾಗುತ್ತದೆ. ಇನ್ನೊಂದು ಕಡೆ, ಪಟ್ಟಿಯಲ್ಲೇ ಇಲ್ಲದ ಕಲ್ಲುಗಳೂ ಸಿಗುತ್ತಿವೆ. ಹೆಬ್ಬಾಳದ ಕಿತ್ತಯ್ಯನ ಶಾಸನ ಬೆಳಕಿಗೆ ಬಂದದ್ದು 2018ರಲ್ಲಿ. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಕಾಳಗದಲ್ಲಿ ಸತ್ತ ಒಬ್ಬ ಊರಿನವನ ಹೆಸರು ಸಾವಿರ ವರ್ಷಕ್ಕಿಂತ ಜಾಸ್ತಿ ಕಾಲದ ಮೇಲೆ ಮತ್ತೆ ಜನರ ಬಾಯಿಗೆ ಬಂತು.

ಅದನ್ನು ಉಳಿಸಲು ಓಡಾಡಿದವರು ಉದ್ಯೋಗದಲ್ಲಿದ್ದ ಸಾಮಾನ್ಯ ಜನ. ಆದರೆ ಓದಿ ಕಾಲ ಹೇಳಲು ಶಾಸನ ತಜ್ಞರು ಬೇಕಾದರು. 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿ ಈಗ ಬೆಂಗಳೂರು ಸುತ್ತಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಇಡುತ್ತಿದೆ. ನಾಳೆ ಕಲ್ಲೇ ಹೋದರೂ ಅಕ್ಷರ ಉಳಿಯುತ್ತದೆ. ಹಾಗಾಗಿ ಕೋಟೆ ಅಣ್ಣ ಹೇಳುವ ಓಡಾಟವೂ ಬೇಕು, ಮೇಷ್ಟ್ರು ಹೇಳುವ ಸಂಘವೂ ಬೇಕು. ಓಡಾಡುವವರು ಸಂಘದ ಒಳಗೆ ಇರಬೇಕು ಅನ್ನುವುದು ನನ್ನ ಅಭಿಪ್ರಾಯ.

ಕೋಟೆ ಸುತ್ತುವವ, ಚಿತ್ರದುರ್ಗ:

ಒಪ್ಪುತ್ತೇನೆ. ನನ್ನದು ಇನ್ನೊಂದು ಕೇಳಿಕೆ. ಕನ್ನಡದಲ್ಲಿ ಬಂದ ಪ್ರಬಂಧ ಹೊರಗಿನವರಿಗೆ ಕಾಣುವುದೇ ಇಲ್ಲ. ಹೊರರಾಜ್ಯದ ಒಬ್ಬರು ನಮ್ಮ ಕಡೆಯ ಕೆರೆಗಳ ಬಗ್ಗೆ ಇಂಗ್ಲಿಷ್‌ನಲ್ಲಿ ಬರೆದ ಲೇಖನ ಓದಿದೆ. ಕನ್ನಡದ ಒಂದು ಪ್ರಬಂಧವೂ ಅದರಲ್ಲಿ ಇಲ್ಲ. ಅವರದ್ದೇ ತಪ್ಪು ಅನ್ನಲಾರೆ, ಹುಡುಕಿದರೂ ಸಿಗಬೇಕಲ್ಲ. ನಮ್ಮ ಸಂಘಗಳು ಹಳೆಯ ಸಂಪುಟಗಳನ್ನೆಲ್ಲ ಪಿಡಿಎಫ್ ಮಾಡಿ, ಊರು, ತಾಲೂಕು, ಅರಸರ ಹೆಸರಿನ ಸೂಚಿ ಹಾಕಿ ಎಲ್ಲರಿಗೂ ತೆರೆದಿಡಬೇಕು. ಪ್ರತಿ ಪ್ರಬಂಧಕ್ಕೂ ಇಂಗ್ಲಿಷ್‌ನಲ್ಲಿ ಹತ್ತು ಸಾಲಿನ ಸಾರಾಂಶ ಇರಲಿ. ಈ ಕೆಲಸಕ್ಕೆ ಕೈ ಜೋಡಿಸುವುದಾದರೆ ನಾಳೆಯೇ ಸದಸ್ಯನಾಗುತ್ತೇನೆ. ಸ್ಕ್ಯಾನರ್ ನನ್ನ ಹತ್ತಿರ ಇದೆ.

ನ್ಯೂಜೆರ್ಸಿ ಕನ್ನಡತಿ:

ಸೂಚಿ ಮಾಡುವ ಕೆಲಸ ನನಗೆ ಕೊಡಿ. ಮನೆಯಿಂದಲೇ ಮಾಡಬಹುದು. ಹಕ್ಕುಸ್ವಾಮ್ಯದ ಬಗ್ಗೆ ಮೊದಲು ಸಂಘದವರ ಒಪ್ಪಿಗೆ ಪತ್ರ ತಗೊಳ್ಳೋಣ.

ಹಾವೇರಿ ಟೀಚರ್:

ಇಷ್ಟೊಂದು ಜನ ಇಷ್ಟು ವಿವರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಸದಸ್ಯತ್ವದ ಅರ್ಜಿ ತುಂಬಿ ಕಳಿಸಿದೆ.

ಧಾರವಾಡಕ್ಕೆ ಹೋಗಿ ಸಂಪುಟಗಳನ್ನೂ ನೋಡಿ ಬಂದೆ. ನಮ್ಮೂರ ಈಶ್ವರ ಗುಡಿಯ ಶಾಸನ ಅದರಲ್ಲಿ ಇದೆ. ಕೆರೆ ಏರಿಯ ಕಲ್ಲು ಇಲ್ಲ. ವಾರ್ಷಿಕ ವರದಿಗಳನ್ನು ಇನ್ನೂ ಪೂರ್ತಿ ನೋಡಿಲ್ಲ. ಹಾಗಾಗಿ 'ಅಪ್ರಕಟಿತ' ಅನ್ನುವ ಮಾತು ಈಗಲೇ ಬರೆಯುವುದಿಲ್ಲ. ಗುಡಿಯ ಶಾಸನದಲ್ಲಿ ಕೆರೆಗೆ ಬಿಟ್ಟ ಗದ್ದೆಯ ಮಾತು ಬರುತ್ತದೆ. ಅಂದರೆ ಈ ಕೆರೆ ಆಗಲೇ ಇತ್ತು! ಅದನ್ನು ಓದಿದ ಮೇಲೆ ಏರಿಯ ಮೇಲೆ ನಡೆಯುವುದೇ ಬೇರೆ ಥರ ಆಗಿದೆ.

ಎರಡು ಪ್ರಶ್ನೆ. ಒಂದು, ಈ ಕಲ್ಲನ್ನು ನನಗೆ ತೋರಿಸಿದ್ದು ಪಕ್ಕದ ಹೊಲದ ರೈತರು. ಅವರ ತಂದೆ ಪ್ರತಿ ದೀಪಾವಳಿಗೆ ಅದಕ್ಕೆ ಎಣ್ಣೆ ಹಚ್ಚುತ್ತಿದ್ದರಂತೆ. ಅವರ ಹೆಸರನ್ನು ಪ್ರಬಂಧದಲ್ಲಿ ಎಲ್ಲಿ ಹಾಕಬೇಕು? ಎರಡನೆಯದು ಅವಸರದ್ದು. ಕೆರೆ ಹೂಳೆತ್ತುವ ಕೆಲಸ ಶುರುವಾಗುತ್ತದೆ ಅಂತ ಪಂಚಾಯಿತಿಯಲ್ಲಿ ಹೇಳಿದರು. ಜೆಸಿಬಿ ಏರಿಯ ಮೇಲೆಯೇ ಬರುತ್ತದೆ.

ಶಾಸನ ವಿದ್ಯಾರ್ಥಿ, ಮೈಸೂರು:

ರೈತರ ಹೆಸರು ಮೊದಲ ಪ್ಯಾರಾದಲ್ಲೇ ಬರಲಿ ಮೇಡಂ, ಅವರ ಒಪ್ಪಿಗೆ ಕೇಳಿ. ಎಣ್ಣೆ ಹಚ್ಚುವ ರೂಢಿಯನ್ನೂ ಬರೆಯಿರಿ. ಎಣ್ಣೆ ಗಟ್ಟಿಯಾಗಿ ಕೂತಿದ್ದರೆ ಕೆರೆದು ತೆಗೆಯಬೇಡಿ, ಅಕ್ಷರವೂ ಕಿತ್ತು ಬರುತ್ತದೆ.

ಜೆಸಿಬಿ ವಿಷಯಕ್ಕೆ ಕಾಯಬೇಡಿ. ರಕ್ಷಿತ ಸ್ಮಾರಕ ಅಂತ ಘೋಷಣೆ ಆಗದ ಕಲ್ಲಿಗೆ ಕಾನೂನಿನ ಬಲ ಕಡಿಮೆ. ಪಿಡಿಒ, ತಹಶೀಲ್ದಾರ್ ಮತ್ತು ರಾಜ್ಯ ಪುರಾತತ್ವ ಇಲಾಖೆ, ಮೂವರಿಗೂ ಒಂದೇ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕಲ್ಲಿನ ಸುತ್ತ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿ. ಜೆಸಿಬಿ ಡ್ರೈವರ್‌ಗೆ ನೀವೇ ಹೋಗಿ ತೋರಿಸಿ. ಕಲ್ಲನ್ನು ಸ್ಥಳದಿಂದ ಎತ್ತಿಸಬೇಡಿ. ಎತ್ತಲೇಬೇಕಾಗಿ ಬಂದರೆ ಇಲಾಖೆಯವರ ಎದುರಿಗೆ, ಇದ್ದ ಜಾಗದ ಫೋಟೋ ಮತ್ತು ಅಳತೆ ಇಟ್ಟುಕೊಂಡು.

ಧಾರವಾಡದ ನಿವೃತ್ತ ಮೇಷ್ಟ್ರು:

ಪತ್ರದ ಕರಡು ಇವತ್ತು ರಾತ್ರಿ ನಿಮಗೆ ಕಳಿಸುತ್ತೇನೆ ಟೀಚರ್. ಸಂಘದ ಲೆಟರ್‌ಹೆಡ್‌ನಲ್ಲಿ ಇನ್ನೊಂದು ಪತ್ರ ಕೊಡಿಸಲು ಕಾರ್ಯದರ್ಶಿಗಳ ಜೊತೆ ಮಾತಾಡಿದ್ದೇನೆ. ಕೊಡುತ್ತೇವೆ ಅಂದಿದ್ದಾರೆ.

ಈ ಭಾನುವಾರ ಬೆಳಿಗ್ಗೆ ಅಚ್ಚು ತೆಗೆಯಲು ಬರುತ್ತೇನೆ. ಕಾಗದ, ಬ್ರಷ್, ಮಸಿ ನಾನು ತರುತ್ತೇನೆ. ನೀರು ಮತ್ತು ಎರಡು ಏಣಿ ಊರಲ್ಲಿ ಹೊಂದಿಸಿ. ಹಾನಗಲ್ಲ, ಶಿಗ್ಗಾವಿ, ಬ್ಯಾಡಗಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಬನ್ನಿ, ಒಬ್ಬರಿಂದ ಕಾಗದ ಹಿಡಿದು ತಟ್ಟಲು ಆಗುವುದಿಲ್ಲ. ಒಂಬತ್ತನೇ ಕ್ಲಾಸಿನ ಮಕ್ಕಳು ನಾಲ್ಕೈದು ಜನ ಇದ್ದರೆ ಅವರನ್ನೂ ಕರೆತನ್ನಿ ಟೀಚರ್.

ಕೋಟೆ ಸುತ್ತುವವ, ಚಿತ್ರದುರ್ಗ:

ನಾನು ಬರುತ್ತೇನೆ ಮೇಷ್ಟ್ರೇ. ಬೆಳಿಗ್ಗೆ ಏಳಕ್ಕೆ ಹಾವೇರಿ ಬಸ್ ಸ್ಟ್ಯಾಂಡ್‌ನಲ್ಲಿ ಇರುತ್ತೇನೆ. ಸದಸ್ಯತ್ವದ ಅರ್ಜಿ ಒಂದು ಜಾಸ್ತಿ ತನ್ನಿ.